ವಸಂತಿ ಎಲ್ಲಿಗೆ ಹೋಗಿದ್ದಾಳೆ

ಶನಿವಾರ ಬೆಳಿಗ್ಗೆ ಲಂಡನ್ನಿನದೇ ಹೊರಬಡಾವಣೆಯಾದ ವೆಂಬ್ಲಿಯಲ್ಲಿ ಹದಿನೆಂಟನೇ ನಂಬರಿನ ಬಸ್ಸು ಹತ್ತಿ ಮಹಡಿಗೆ ಹೋದೆ. ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಉಡುಪಿ ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದರು. ದೊಡ್ಡವಳ ತೊಡೆಯ ಮೇಲೆ ಬನ್ಸಿನ ಡಬ್ಬವಿತ್ತು.

"ಅತ್ತಿಗೆ, ಟೂರಿಸ್ಟ್ ಬಸ್ಸಲ್ಲಾದ್ರೆ ಎಲ್ಲ ವಿವರಿಸಿ ಹೇಳ್ತಾರಂತೆ."

"ಯಾರೂ ಹೇಳುವುದು ಬೇಡ ಮಾರಾಯ್ತಿ. ನಮಗೆ ಕಣ್ಣುಂಟಲ್ಲ."

"ಬರುವ ವರ್ಷ ಕಾರಲ್ಲಿ ಕರ್ಕೊಂಡು ಹೋಗ್ತೇನೆ ಅಂತ ಅಣ್ಣ ಹೇಳಿದ್ದಾನಲ್ಲ."

"ನಿನ್ನ ಅಣ್ಣನದ್ದು ಒಂಬತ್ತು ವರ್ಷದಿಂದ ಅದೇ ಬರುವ ವರ್ಷ. ಊರಿಗೆ ಹೋದಾಗೆಲ್ಲ ಕೇಳ್ತಾರೆ, ಲಂಡನ್ನಿನ ಆ ದೊಡ್ಡ ಗಡಿಯಾರ ಹೇಗುಂಟು ಅಂತ. ನಾನು ನೋಡಿದ್ದು ಪಾರ್ಕ್ ರಾಯಲ್ಲಿನ ನಮ್ಮ ಚಪಾತಿ ಫ್ಯಾಕ್ಟರಿಯ ಗೋಡೆ ಗಡಿಯಾರ ಮಾತ್ರ. ಚಂದ ಉಂಟು ಅಂತ ಸುಳ್ಳು ಹೇಳಿ ಬರ್ತೇನೆ."

"ಇವತ್ತು ಅದೊಂದೇ ನೋಡುವುದಾ?"

"ಗಡಿಯಾರ, ಸೇತುವೆ, ರಾಣಿಯ ಅರಮನೆ ಹೊರಗಿಂದ. ನಾಳೆ ಮ್ಯೂಸಿಯಂ, ಅದಕ್ಕೆ ಟಿಕೆಟ್ ಇಲ್ಲ. ಊಟಕ್ಕೆ ಬನ್ಸ್ ಉಂಟು, ಪಾರ್ಕಲ್ಲಿ ಕೂತು ತಿನ್ನುವುದು."

ಅಷ್ಟರಲ್ಲಿ ಚಿಕ್ಕವಳ ಫೋನು ಸದ್ದು ಮಾಡಿತು.

"ಅತ್ತಿಗೆ, ನಿಮ್ಮ ಸೂಪರ್‌ವೈಸರ್ ಮೀನಾಬೆನ್ ನಂಗೆ ಮೆಸೇಜ್ ಹಾಕಿದ್ದಾರೆ. ಇವತ್ತು ಶಿಫ್ಟಿಗೆ ಜನ ಕಮ್ಮಿಯಂತೆ. ನಿಮ್ಮ ಫೋನ್ ಯಾಕೆ ಆಫ್ ಉಂಟು ಅಂತ ಕೇಳ್ತಿದ್ದಾರೆ."

"ನಾನೇ ಆಫ್ ಮಾಡಿದ್ದು."

"ಜ್ವರ ಅಂತ ಬರೀಲಾ?"

ಬಸ್ಸು ನಿಂತಿತು. ದೊಡ್ಡವಳು ಡಬ್ಬವನ್ನು ಎದೆಗವಚಿಕೊಂಡು ಎದ್ದಳು.

"ಸುಳ್ಳು ಹೇಳಿದ್ದು ಸಾಕು. ವಸಂತಿ ಲಂಡನ್ನಿಗೆ ಹೋಗಿದ್ದಾಳೆ, ಸೋಮವಾರ ಬರ್ತಾಳೆ ಅಂತ ಬರಿ."

ಚಿಕ್ಕವಳು ಅದನ್ನೇ ಟೈಪ್ ಮಾಡುತ್ತ ಅವಳ ಹಿಂದೆ ಮೆಟ್ಟಿಲಿಳಿದಳು.