ಬೀದಿ ಕೇಳುವವನು

ದೀಪ ಸ್ವಲ್ಪ ಸಣ್ಣದು ಮಾಡಿ. ಆರಿಸೋದು ಬೇಡ... ಸಣ್ಣದು ಮಾಡಿದರೆ ಸಾಕು.

ಇದು ನನ್ನ ದೊಡ್ಡಪ್ಪನ ಮಗ ದಂಡಪಾಣಿಗೆ ಆಗಿದ್ದು. ಅವರಿವರು ಹೇಳಿದ್ದಲ್ಲ, ನಾನೇ ಪಕ್ಕದಲ್ಲಿದ್ದೆ. ನಂಬದೇ ಇರೋರು ಈಗಲೇ ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ.

ಆಗ ನಾನು ತಿರುಮಣಲೂರು ಮುನ್ಸಿಪಾಲ್ಟಿಯಲ್ಲಿ ನೀರು ಬಿಡೋ ಕೆಲಸದಲ್ಲಿದ್ದೆ. ನಮ್ಮೂರಲ್ಲಿ ಗುಡಿಯ ಸ್ವಾಮಿ ಏಳೋಕೆ ಮುಂಚೆ ಜನ ಏಳಬೇಕು, ಜನ ಏಳೋಕೆ ಮುಂಚೆ ನಲ್ಲಿ ಏಳಬೇಕು. ರಾತ್ರಿ ಮೂರು ಗಂಟೆಗೆ ಟ್ಯಾಂಕಿನ ವಾಲ್ವು ತಿರುಗಿಸಿ ಮನೆ ಕಡೆ ನಡೆದು ಬರ್ತಿದ್ದೆ. ದಾರಿಯಲ್ಲಿ, ಬಡಗಣ ಬೀದಿ ಶುರುವಾಗೋ ಕಡೆ, ಒಂದು ಬಾವಿ. ನಲ್ಲಿ ಬಂದ ಮೇಲೆ ಅದರಲ್ಲಿ ಯಾರೂ ಸೇದ್ತಿರಲಿಲ್ಲ. ಆವತ್ತು ಅಲ್ಲಿಂದ ಸದ್ದು ಬಂತು.

ಟಿಣ್... ಟಿಣ್ ಟಿಣ್... ಟಿಣ್.

ಕಂಚಿಗೆ ಮರ ತಾಗೋ ಸದ್ದು. ಬಾರಿಸೋದಲ್ಲ, ಸುಮ್ಮನೆ ತಾಗೋದು. ಹತ್ತಿರ ಹೋಗಿ ನೋಡಿದರೆ ನಮ್ಮ ಪಾಣಿ ಅಣ್ಣ. ಬಾವಿಕಟ್ಟೆ ಮೇಲೆ ಕೂತಿದ್ದಾನೆ, ತೊಡೆ ಮೇಲೆ ಜಾಗಟೆ. ಕೋಲು ಹಿಡಿದ ಕೈ ನಡುಗಿ ನಡುಗಿ ಅದಕ್ಕೆ ತಾಗ್ತಾ ಇದೆ.

"ಏನಣ್ಣಾ, ಇಲ್ಲಿ?"

"ಮೆಲ್ಲಗೆ ಮಾತಾಡೋ."

"ಬೀದಿ ಕೇಳೋದು ಆಯ್ತಾ?"

"ಮೂರು ಆಯ್ತು. ಇದೊಂದು ಉಳಿದಿದೆ..."

ಬೀದಿ ಕೇಳೋದು ನಮ್ಮೂರಿನ ಕಟ್ಟಳೆ. ಗುಡಿಯ ಸುತ್ತಲಿನ ನಾಲ್ಕು ಬೀದಿಯಲ್ಲಿ ಎಲ್ಲಾದರೂ ಹೆಣ ಇದ್ದರೆ ಗುಡಿ ಬಾಗಿಲು ತೆಗೆಯೋ ಹಾಗಿಲ್ಲ. ಯಾವ ರಾಜನ ಕಾಲದ್ದೋ, ಗೋಪುರದ ಒಳಗೋಡೆಯಲ್ಲಿ ಕಲ್ಲಲ್ಲೇ ಕೊರೆದಿದ್ದಾರೆ. ಅದಕ್ಕೇ ದಿನಾ ಬೆಳಗಿನ ಜಾವ ಒಬ್ಬ ಜಾಗಟೆ ಹಿಡಕೊಂಡು ಒಂದೊಂದು ಬೀದಿಗೂ ಬಂದು "ಬೀದಿ ಶುದ್ಧವಾ?" ಅಂತ ಕೂಗಬೇಕು. ಏನೂ ಇಲ್ಲದಿದ್ದರೆ ಮೊದಲನೇ ಮನೆಯವರು "ಶುದ್ಧ" ಅಂತಾರೆ. ಸಾವಾಗಿದ್ದರೆ ಆ ಮನೆಯವರೇ "ಇದೆ" ಅನ್ನಬೇಕು. ಹೆಣ ಎತ್ತಿದ ಮೇಲೆ ಇವನು ಆ ಮನೆ ಮುಂದೆ ಮೂರು ಏಟು ಬಾರಿಸಿ "ಎತ್ತಾಯ್ತು" ಅಂತ ಸಾರಬೇಕು. ಅಲ್ಲೀತನಕ ಹೆಣ ಸುಟ್ಟು ಬೂದಿಯಾಗಿದ್ದರೂ ಊರಿನ ಪಾಲಿಗೆ ಮನೆಯಲ್ಲೇ ಇದ್ದ ಹಾಗೆ. ನಾಲ್ಕು ಬೀದಿಯಲ್ಲಿ ಸತ್ತರೆ ಅಳೋರಿಗಿಂತ ಎತ್ತೋರು ಮುಂಚೆ ಬರ್ತಾರೆ ಅಂತ ಹೊರಗಿನವರು ಆಡಿಕೊಳ್ತಿದ್ದರು. ಸುಳ್ಳೇನಲ್ಲ.

ಈ ಕೆಲಸ ತಲೆತಲಾಂತರದಿಂದ ದೊಡ್ಡಪ್ಪನ ಮನೆಯವರದ್ದು. ಅದಕ್ಕಾಗಿ ಗುಡಿಯವರು ಬಡಗಣ ಬೀದಿಯ ಕೊನೆಯಲ್ಲಿ ಮನೆ ಕೊಟ್ಟಿದ್ದರು. ನಮ್ಮ ಮನೆ ಅದೇ ಸಾಲಿನಲ್ಲಿ, ಐದು ಮನೆ ಈಚೆ.

"ತಾಯು," ಅಂದ. ನನ್ನ ಪೂರ್ತಿ ಹೆಸರು ತಾಯುಮಾನವನ್. "ಅಮ್ಮ ಉತ್ತರ ಕೊಡ್ತಿದ್ದಾಳೆ ಕಣೋ."

ಅವನಮ್ಮ, ನಮ್ಮ ಅಂಜಲೈ ದೊಡ್ಡಮ್ಮ, ಹೋಗಿ ನಲವತ್ತು ದಿನ ಆಗಿತ್ತು. ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿ ಜೀವ ಹೋಯ್ತು ಅಂತ ನಮಗೆಲ್ಲ ಹೇಳಿದ್ದ.

"ದಾರೀಲಿ ಅಲ್ಲ," ಅಂದ. "ಮನೇಲೇ. ಕುಂಭಾಭಿಷೇಕದ ಹಿಂದಿನ ರಾತ್ರಿ."

ಹನ್ನೆರಡು ವರ್ಷಕ್ಕೊಮ್ಮೆ ಆಗಬೇಕಾದ ಕುಂಭಾಭಿಷೇಕ ನಮ್ಮೂರಲ್ಲಿ ಮೂವತ್ತೊಂದು ವರ್ಷ ಆಗಿರಲಿಲ್ಲ. ಕೊಳದ ಹೂಳು ಯಾರು ತೆಗೆಸಬೇಕು ಅಂತ ಗುಡಿಯವರಿಗೂ ಮುನ್ಸಿಪಾಲ್ಟಿಗೂ ಜಗಳ. ಕಡೆಗೆ ಚೊಕ್ಕಲಿಂಗಂ ಅನ್ನೋನು ಧರ್ಮದರ್ಶಿಯೂ ಅವನೇ, ಮುನ್ಸಿಪಾಲ್ಟಿ ಅಧ್ಯಕ್ಷನೂ ಅವನೇ ಆದ. ತನ್ನ ಜೊತೆ ತಾನೇ ಜಗಳ ಆಡೋಕಾಗುತ್ತಾ? ಮುಹೂರ್ತ ಇಟ್ಟೇಬಿಟ್ಟರು, ಬೆಳಿಗ್ಗೆ ಐದೂಮುಕ್ಕಾಲಕ್ಕೆ. ಸುತ್ತಮುತ್ತಲಿನ ಊರಿನ ಜನವೆಲ್ಲ ಬಂದು ಬೀದಿಯಲ್ಲೇ ಮಲಗಿದ್ದರು. ನಮ್ಮಲ್ಲಿ ರಾತ್ರಿ ಹೊತ್ತು ಹೆಣ ಎತ್ತೋ ಹಾಗಿಲ್ಲ. ಬೆಳಕಾದ ಮೇಲೆ ಎತ್ತಿದರೆ ಮುಹೂರ್ತ ಮೀರುತ್ತೆ.

ಪಾಣಿ ಅಣ್ಣ ಆ ರಾತ್ರಿಯೇ ಓಡಿಹೋಗಿ ಚೊಕ್ಕಲಿಂಗಂ ಕಾಲು ಹಿಡಿದನಂತೆ. ಏನು ಮಾಡಲಿ ಸ್ವಾಮಿ ಅಂತ.

"ಕೇಳೋನು ನೀನೇ ತಾನೆ? ಒಂದು ದಿನ ಕಿವುಡಾಗು," ಅಂದನಂತೆ ಆ ಮನುಷ್ಯ.

ಆಗಿಬಿಟ್ಟ. ತಾಯಿಯನ್ನ ಒಳಕೋಣೆಯಲ್ಲಿಟ್ಟು ಬೀಗ ಹಾಕಿ, ಬಂದು ಬೀದಿ ಕೇಳಿದ. "ಇದೆ" ಅನ್ನಬೇಕಾದವನು ಅವನೇ, ಅನ್ನಲಿಲ್ಲ. ಮೊದಲನೇ ಮನೆಯವರು "ಶುದ್ಧ" ಅಂದರು. ಕುಂಭಾಭಿಷೇಕ ನಡೀತು. ಅತ್ತಿಗೆ ಅದೇ ಮನೆಯ ಜಗಲಿ ಮೇಲೆ ನಿಂತು ಯಾತ್ರಿಕರಿಗೆ ಮಜ್ಜಿಗೆ ಕೊಟ್ಟಳು. ನಾನೂ ಎರಡು ಲೋಟ ಕುಡಿದಿದ್ದೆ. ಮಧ್ಯಾಹ್ನ ಗದ್ದಲದಲ್ಲಿ ದೊಡ್ಡಮ್ಮನಿಗೆ ಕಂಬಳಿ ಸುತ್ತಿ, ಕಾಯಿಲೆಯವರ ಹಾಗೆ ಕುದುರೆಗಾಡಿಯಲ್ಲಿ ಒರಗಿಸಿ ಕೂರಿಸಿ, ಊರಾಚೆ ಸಾಗಿಸಿದ್ದ.

"ಎತ್ತಿದೆ ಕಣೋ. ಸಾರಲಿಲ್ಲ... ಅವಳಿಗೆ ಗೊತ್ತೇ ಇಲ್ಲ, ತಾಯು, ಎತ್ತಾಗಿದೆ ಅಂತ. ಇನ್ನೂ ಅಲ್ಲೇ ಮಲಗಿದ್ದಾಳೆ."

"ಈಗ ಸಾರು."

"ಸಾರಿದರೆ ಊರಿಗೆಲ್ಲ ಗೊತ್ತಾಗುತ್ತೆ. ಹೆಣ ಇಟ್ಕೊಂಡು ಮಾಡಿದ ಕುಂಭಾಭಿಷೇಕ ಅಂತ. ಕೆಲಸ ಹೋಗುತ್ತೆ, ಮನೆ ಹೋಗುತ್ತೆ. ಮೂರು ಹೆಣ್ಣುಮಕ್ಕಳನ್ನ ಕರಕೊಂಡು ಎಲ್ಲಿಗೆ ಹೋಗಲಿ?"

ನನಗೆ ಸಿಟ್ಟು ಬಂತು. ಭಯವೂ ಆಯ್ತು, ಸುಳ್ಳು ಯಾಕೆ ಹೇಳಲಿ. ದೊಡ್ಡಮ್ಮ ನನ್ನನ್ನ ಎತ್ತಿ ಆಡಿಸಿದವಳು. ಅವನ ರಟ್ಟೆ ಹಿಡಿದು ಎಬ್ಬಿಸಿದೆ. ಇಬ್ಬರೂ ಬೀದಿಯೊಳಗೆ ಹೋದೆವು. ಬೀದಿದೀಪ ಎರಡೇ ಉರೀತಿತ್ತು. ನಲ್ಲಿಯಲ್ಲಿ ನೀರಿಗಿಂತ ಮುಂಚೆ ಬರೋ ಗಾಳಿ ಸುಯ್... ಸುಯ್ ಅಂತಿತ್ತು.

ಜಾಗಟೆ ಬಾರಿಸಿದ. "ಬೀದಿ ಶುದ್ಧವಾ?"

"ಶುದ್ಧ." ಮೊದಲನೇ ಮನೆಯ ಮುದುಕ. ಹಿಂದೆಯೇ ಅವನ ಗೊರಗೊರ ಕೆಮ್ಮು.

ಆಮೇಲೆ... ಬೀದಿಯ ಆ ಕೊನೆಯಿಂದ...

"ಇದೆ."

ಕಿರುಚಿದ್ದಲ್ಲ, ನರಳಿದ್ದಲ್ಲ. ಮಜ್ಜಿಗೆ ಇದೆಯಾ ಅಂದರೆ ಅಡುಗೆಮನೆಯಿಂದ ಹೇಳ್ತಾರಲ್ಲ, ಹಾಗೆ. ದೊಡ್ಡಮ್ಮನ ದನಿಯೇ.

ಪಾಣಿ ಅಣ್ಣ ಗುಡಿ ಕಡೆ ತಿರುಗಿದ. ನಲವತ್ತು ದಿನವೂ ಹಾಗೇ ತಿರುಗಿದ್ದ.

"ಇವತ್ತೂ ಶುದ್ಧ ಅಂತ ಹೋಗಿ ಹೇಳ್ತೀಯಾ?" ಅಂದೆ. "ಕೇಳಿಸ್ಕೊಂಡೂ?"

ನಿಂತ. ಆಮೇಲೆ ನನ್ನ ಕೈ ಬಿಡಿಸಿಕೊಂಡು ಸೀದಾ ತನ್ನ ಮನೆ ಮುಂದೆ ಹೋದ. ನಾನೂ ಹಿಂದೆಯೇ ಹೋದೆ. ಮೂರು ಏಟು ಹಾಕಿದ. ಇಡೀ ಬೀದಿ ನಡುಗೋ ಹಾಗೆ ಹಾಕಿದ.

"ಎತ್ತಾಯ್ತು... ಅಂಜಲೈಯನ್ನ ಎತ್ತಾಯ್ತು... ಅಮ್ಮಾ, ಎತ್ತಾಯ್ತಮ್ಮಾ..."

ಒಳಗೆ, ಬೀಗ ಹಾಕಿದ ಕೋಣೆಯಲ್ಲಿ, ಚಾಪೆ ಸುತ್ತೋ ಸದ್ದು. ಸರ್ರ್... ಸರ್. ಹಿತ್ತಲ ಬಾಗಿಲ ಚಿಲಕ ಟಕ್ ಅಂತು. ಅಷ್ಟೇ. ಅವನು ಮೆಟ್ಟಿಲ ಮೇಲೆ ಕುಸಿದು ಚಿಕ್ಕಮಕ್ಕಳ ಹಾಗೆ ಅತ್ತ. ನಾನೂ ಅತ್ತೆ. ಮುಗೀತು ಅಂದ್ಕೊಂಡೆ.

ಪಕ್ಕದ ಮನೆಯ ಬಾಗಿಲ ಸಂದಿಯಿಂದ ಯಾರೋ ಪಿಸುಗುಟ್ಟಿದರು.

"ಇಲ್ಲೂ..."

ಮುದುಕನ ದನಿ. ಆ ಮನೆಯಲ್ಲಿ ಮುದುಕರೇ ಇರಲಿಲ್ಲ.

ಅದರ ಪಕ್ಕದ ಮನೆಯಿಂದ, "ಇಲ್ಲೂ." ಹೆಂಗಸು. ಎದುರು ಸಾಲಿನಿಂದ ಒಂದು. ಮತ್ತೆ ಈ ಕಡೆಯಿಂದ ಎರಡು. ಎಲ್ಲ ಮೆಲ್ಲಗೆ, ಒಬ್ಬರದು ಮುಗಿದ ಮೇಲೆ ಒಬ್ಬರದು, ಸರದಿಯಲ್ಲಿ ನಿಂತವರ ಹಾಗೆ. ಯಾವ ಮನೆಯಲ್ಲಿ ಯಾವತ್ತು ಏನಿತ್ತೋ... ಮದುವೆಯೋ, ಉತ್ಸವವೋ, ಬಾಗಿಲಿಗೆ ಸ್ವಾಮಿ ಬರೋ ದಿನವೋ. ಅಂಥ ದಿನ ಬಿದ್ದ ಹೆಣ, ಯಾರೂ ಸಾರದೆ, ಹಿತ್ತಲಿಂದ ಹೋಗಿತ್ತು. ಪಾಣಿ ಅಣ್ಣ ಎದ್ದು ಒಂದೊಂದು ಮನೆ ಮುಂದೆಯೂ ಮೂರು ಮೂರು ಏಟು ಬಾರಿಸಿದ. ಹೆಸರು ಗೊತ್ತಿಲ್ಲ, ಬರೀ "ಎತ್ತಾಯ್ತು" ಅಂದ. ಗಂಟಲು ಕಟ್ಟೋ ತನಕ ಅಂದ.

ಮನೆಯವರೆಲ್ಲ ಎದ್ದಿದ್ದರು. ಒಳಗಿನಿಂದ ಅಗುಳಿ ಹಾಕೋ ಸದ್ದು ನನಗೆ ಚೆನ್ನಾಗಿ ಕೇಳಿಸ್ತಿತ್ತು. ಒಬ್ಬರೂ ಬಾಗಿಲು ತೆಗೆಯಲಿಲ್ಲ.

ನಮ್ಮ ಮನೆ ಬಂತು. ನಾನು ದಾಟಿ ಹೋಗೋಣ ಅಂದೆ. ನಮ್ಮ ಅಪ್ಪ ಅಮ್ಮನಿಗೆ ನಾನೊಬ್ಬನೇ. ಆ ಮನೆಯಲ್ಲಿ ಯಾರೂ ಸತ್ತಿದ್ದು ನಾನು ಕೇಳೇ ಇಲ್ಲ.

"ಇಲ್ಲೂ."

ಹೊಸಿಲ ಹತ್ತಿರ, ತೀರಾ ಕೆಳಗಿನಿಂದ ಬಂತು. ಮಾತು ಆಗಷ್ಟೇ ಕಲಿತ ಮಗುವಿನ ದನಿ.

ಪಾಣಿ ಅಣ್ಣ ನನ್ನ ಮುಖ ನೋಡಿದ. ಮೂರು ಏಟು ಹಾಕಿ ಸಾರಿದ.

ಆವತ್ತು ಗುಡಿ ಬಾಗಿಲು ಎರಡು ಗಂಟೆ ತಡವಾಗಿ ತೆಗೆದರು. ಬೀಗದ ಕೈ ಸಿಗಲಿಲ್ಲ ಅಂತ ಚೊಕ್ಕಲಿಂಗಂ ಹೇಳಿದ, ಎಲ್ಲರೂ ಹೌದು ಹೌದು ಅಂದರು. ಪಾಣಿ ಅಣ್ಣನ ಮೇಲೆ ಯಾರೂ ದೂರು ಕೊಡಲಿಲ್ಲ. ಕೊಡೋಕೆ ಯಾವ ಬಾಯಿ ಇತ್ತು ಹೇಳಿ? ಅವನೇ ಜಾಗಟೆಯನ್ನ ಗುಡಿ ಬಾಗಿಲಲ್ಲಿಟ್ಟು, ಹೆಂಡತಿ ಮಕ್ಕಳನ್ನ ಕರಕೊಂಡು ಮಾವನ ಊರಿಗೆ ಹೋದ. ಆಮೇಲೆ ಬೀದಿ ಕೇಳೋರು ಬರಲೇ ಇಲ್ಲ. ಈಗ ಜಾವಕ್ಕೇ ಧ್ವನಿವರ್ಧಕದಲ್ಲಿ ಹಾಡು ಹಾಕ್ತಾರೆ, ಯಾರು ಏನಂದರೂ ಕೇಳಿಸೋದಿಲ್ಲ.

ಆವತ್ತು ಬೆಳಿಗ್ಗೆ ನಾನು ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ದ. ನಾನು ಹೇಳಿದೆ, "ಅಪ್ಪಾ... ನಮ್ಮ ಮನೆಯಿಂದಲೂ ಬಂತು."

ಏನು ಬಂತು ಅಂತ ಕೇಳಲಿಲ್ಲ.

"ಅಳ್ತಿತ್ತಾ?" ಅಂದ.

"ಇಲ್ಲ."

ನಾನು ಕಣ್ಣಾರೆ ನೋಡಿದ್ದು ಹೇಳ್ತಿದ್ದೀನಿ, ನೀವು ನಂಬಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅಪ್ಪ ಲೋಟ ಕೆಳಗಿಟ್ಟು ನದಿಗೆ ಹೋದ. ಉಟ್ಟ ಬಟ್ಟೆಯಲ್ಲೇ ತಲೆ ಮುಳುಗಿಸಿ, ನೀರು ಸುರಿಸಿಕೊಂಡು ಬಂದ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸಾವಿನ ಸ್ನಾನ ಮಾಡಿ ಬಂದ ಗಂಡನನ್ನ, ಯಾರು ಹೋದರು ಅಂತ ಕೇಳಲಿಲ್ಲ. ಅವಳೂ ಉಟ್ಟ ಸೀರೆಯಲ್ಲೇ ನದಿ ಕಡೆ ನಡೆದಳು.