ಬೀಗ ಹಾಕಿದ ಲ್ಯಾಬು, ಕೊಟ್ಟೂರೇಶಣ್ಣನ ಫೋಟೋ

ಪ್ರಾಂಶುಪಾಲರಾದ ಶಿವಯೋಗಪ್ಪ ಸರ್, ಮುಂದಿನ ಸಾಲಿನಾಗೆ ಕೂತಿರೋ ವಾಣಿಶ್ರೀ ಅಕ್ಕ, ಹರಿಹರದ ಈ ಕಾಲೇಜಿನ ಅಧ್ಯಾಪಕರೇ, ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ನಾನು ತಸ್ಲೀಮ್. ವಾಣಿಶ್ರೀ ಅಕ್ಕನ ಯಜಮಾನರು, ದಿವಂಗತ ಕೊಟ್ಟೂರೇಶ್ ಅವರು, ದಾವಣಗೆರೆಯ ನಮ್ಮ ಕಂಪನಿಯಿಂದ ಕಾಲೇಜುಗಳಿಗೆ ಕಬ್ಬಿಣ ಕಡೆಯೋ ಕಂಪ್ಯೂಟರ್ ಲೇತ್ ಮಷಿನ್ ಮಾರೋರು. ಕೆಟ್ಟರೆ ರಿಪೇರಿ ನನ್ನ ಕೆಲಸ. ಮಾತು ಅವರದು, ಒದ್ದಾಟ ನನ್ನದು.

ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಹೊಗಳಬೇಕು, ಗೊತ್ತು. ಹೊಗಳ್ತೀನಿ. ಮೊದಲು ನನ್ನ ಸಿಟ್ಟು ಮುಗೀಲಿ. ಅಲ್ರೀ, ಇಷ್ಟು ವರ್ಷ ಈ ಮನುಷ್ಯನ ಜೊತೆ ಹೆಂಗೆ ಏಗಿದೆನೋ ನನಗೇ ಗೊತ್ತು!

ಮಷಿನ್ ಬಗ್ಗೆ ಮಾತಾಡೋಣ ಬರ್ರಿ ಅಂತ ಗಿರಾಕೀನ ಕರಕೊಂಡು ಹೋಗೋದೆಲ್ಲಿಗೆ? ಕೊಂಡಜ್ಜಿ ಗುಡ್ಡಕ್ಕೆ! ಶಿವಯೋಗಪ್ಪ ಸರ್, ನೆನಪೈತಾ — ಹೊಸ ಬೂಟು ಹಾಕ್ಕೊಂಡು ಬಂದಿದ್ರಿ. ಅರ್ಧ ಗುಡ್ಡದಾಗೆ ಬಂಡೆ ಮೇಲೆ ಕೂತು — ಹಿಂಗೆ, ಬೂಟು ಕೈಯಲ್ಲಿ ಹಿಡಕೊಂಡು — "ಕೊಟ್ಟೂರೇಶ್, ರೇಟು ಹೇಳ್ರಿ ಸಾಕು" ಅಂದ್ರಿ. ಅಣ್ಣ ಹೇಳಿದ್ರಾ? "ಸರ್, ಈ ಕಾಲುದಾರಿ ನೆಟ್ಟಗೆ ಹೋಗದೆ ಯಾಕ ಬಳಸಿ ಹೋಗತೈತೆ?" ಅಂತ ನಿಮಗೇ ಪ್ರಶ್ನೆ ಕೇಳಿದ್ರು.

ಭಾನುವಾರ ನಿಮ್ಮನ್ನ, ಹುಡುಗರೇ, ಜೊತೆಗೆ ನನ್ನನ್ನೂ, ಅಲ್ಲಿಗೇ ಎಳಕೊಂಡು ಹೋಗೋರು. ಸರದಿ ಮೇಲೆ ಒಬ್ಬೊಬ್ಬರನ್ನ ಮುಂದೆ ಬಿಡೋರು. ದಾರಿ ತಪ್ಪಿದ್ರೂ ಬಾಯಿ ಬಿಡ್ತಿರಲಿಲ್ಲ. "ತಪ್ಪಲಿ, ತಾವೇ ಹುಡುಕ್ಕೊಂತಾರೆ" ಅನ್ನೋರು. ನೀವು ಹುಡುಕ್ಕೊಳ್ಳೋ ಹೊತ್ತಿಗೆ ನನ್ನ ದುಪಟ್ಟಾ ಜಾಲಿ ಮುಳ್ಳಿಗೆ ಚಿಂದಿಯಾಗಿತ್ತು.

ಲ್ಯಾಬಿನಲ್ಲೂ ಅದೇ ಬುದ್ಧಿ. ನಮ್ಮ ಕಡೆ ಪದ್ಧತಿ ಗೊತ್ತಲ್ಲ — ಹೊಸ ಮಷಿನ್ ಬಂತಾ, ಕುಂಕುಮ ಹಚ್ಚು, ನಿಂಬೆಹಣ್ಣು ಇಡು, ಫೋಟೋ ತೆಗಿ, ಹೊದಿಕೆ ಹಾಕು, ಬೀಗ ಜಡಿ. ಹುಡುಗರು ಮುಟ್ಟಿದ್ರೆ ಕೆಡತೈತಂತೆ! ಆಮೇಲೆ ಬಾಗಿಲು ತೆಗೆಯೋದು ಮುಂದಿನ ಆಯುಧಪೂಜೆಗೇ. ಕೊಟ್ಟೂರೇಶಣ್ಣ ಒಪ್ತಿರಲಿಲ್ಲ. "ಹುಡುಗರ ಕೈಗೆ ಕೊಡಲ್ಲ ಅಂದ್ರೆ ಮಷಿನ್ ಬ್ಯಾಡ ಬಿಡ್ರಿ ಸರ್" ಅಂತ ಕುದುರಿದ ವ್ಯಾಪಾರ ಬಿಟ್ಟು ಎದ್ದು ಬರೋರು. "ಕೆಟ್ಟರೆ?" ಅಂದ್ರೆ — ನನ್ನ ಒಂದು ಮಾತು ಕೇಳದೆ — "ಕೆಡಲಿ, ತಸ್ಲೀಮ್ ಬರ್ತಾಳೆ." ನನಗೇನು ಮನೆ ಮಠ ಇಲ್ವಾ? ರಂಜಾನ್ ಮಾರನೇ ದಿನ, ಮನೆ ತುಂಬ ನೆಂಟರನ್ನ ಬಿಟ್ಟು ಇಲ್ಲಿಗೆ ಓಡಿ ಬಂದೆ. ಕೆಡಿಸಿದೋಳು, ಅಗೋ, ಕೊನೇ ವರ್ಷದ ರಶ್ಮಿತಾ. ಮೂಲೆಯಲ್ಲಿ ಅಳ್ತಾ ನಿಂತಿದ್ಲು. ಕೊಟ್ಟೂರೇಶಣ್ಣ ನಗ್ತಾ, "ಅವಳ ಕೈಲೇ ಬಿಚ್ಚಿಸು ತಸ್ಲೀಮ್, ಕಲೀತಾಳೆ" ಅಂದ್ರು. ಕಲಿತ್ಲು ಕೂಡ.

ಹೋದ ವಾರ ದಾವಣಗೆರೆ ಕೆ.ಬಿ. ಬಡಾವಣೆಯ ತಮ್ಮ ಮನೆಯಲ್ಲಿ ಎದೆನೋವು ಅಂತ ಕೂತೋರು ಏಳಲೇ ಇಲ್ಲ. ಗುಡ್ಡ ಹತ್ತೋ ಎದೆ ಅದು! ಈಗ ನಾನು ಯಾರ ಜೊತೆ ಜಗಳ ಆಡಲಿ ಹೇಳ್ರಿ. ಸಂಕಟ ಆಗತೈತೆ.

ಇವತ್ತು ಬಂದು ಪಕ್ಕದ ಲ್ಯಾಬಿನ ಕಿಟಕಿಯಲ್ಲಿ ಇಣುಕಿದೆ. ಬಾಗಿಲಿಗೆ ಬೀಗ. ಮಷಿನ್‌ಗೆ ಹೊದಿಕೆ. ಅದರ ಮೇಲೆ ಅವರ ಫೋಟೋ, ಹಾರ. ಶಿವಯೋಗಪ್ಪ ಸರ್, ಯಾಕಂತ ಕೇಳಿದ್ರೆ ನೀವು "ಅವರ ನೆನಪು ಜೋಪಾನವಾಗಿರಲಿ ಮೇಡಂ" ಅಂದ್ರಿ. ಸರ್, ಪ್ರೀತಿಯಿಂದ ಮಾಡಿದ್ದೀರಿ, ನಿಜ. ಆದ್ರೆ ಅವರು ಜೀವಮಾನವೆಲ್ಲ ಬ್ಯಾಡ ಅಂದಿದ್ದನ್ನೇ ಅವರ ಹೆಸರಿನಲ್ಲಿ ಮಾಡಿಬಿಟ್ರಲ್ರೀ! ರಶ್ಮಿತಾಳ ತಂಡದ ಪ್ರಾಜೆಕ್ಟ್ ಆ ಹೊದಿಕೆ ಕೆಳಗೆ ಅರ್ಧಕ್ಕೆ ನಿಂತೈತೆ. ಮುಂದಿನ ತಿಂಗಳು ಪರೀಕ್ಷೆ. ಆ ಹುಡುಗರು ಎಲ್ಲಿಗೆ ಹೋಗಬೇಕು?

ಸರ್ — ಆ ಬೀಗದಕೈ ರಶ್ಮಿತಾಗೆ ಕೊಡ್ರಿ. ಈಗಲೇ. ಯೋಚನೆ ಆಮೇಲೆ ಮಾಡೋಣ — ಹ್ಞಾಂ. ತಗೊಳಮ್ಮಾ ರಶ್ಮಿತಾ. ಫೋಟೋನ ಗೋಡೆಗೆ ಹಾಕು. ಹೊದಿಕೆ ತೆಗಿ. ಮಷಿನ್ ಚಾಲೂ ಮಾಡು. ಹೆದರಬ್ಯಾಡ. ಕೆಟ್ಟರೆ —

ಕೆಟ್ಟರೆ ನಾನು ಬರ್ತೀನಿ.

ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ರಿ. ಕೊಟ್ಟೂರೇಶಣ್ಣನಿಗಾಗಿ ಮೌನ. ಗಡಿಯಾರ ನೋಡೋದು ಬ್ಯಾಡ. ಪಕ್ಕದ ಲ್ಯಾಬಿನಿಂದ ಮಷಿನ್ ಸದ್ದು ಕೇಳಿಸೋವರೆಗೂ ಹಿಂಗೇ ನಿಂತಿರೋಣ.