ಎರಡು ಜಾಡಿ, ಎರಡು ಹೆಂಟೆ

ಗೋಧಿ ಕೊಯ್ಲು ಮುಗಿದ ವಾರ. ನಮ್ಮೂರಿನ ಅಣ್ಣ ತಂಗಿ ಇಬ್ಬರು ತಮ್ಮ ಹೊಲದ ಕೊಟ್ಟಿಗೆಯಲ್ಲೇ ಹಿಟ್ಟು ಬೀಸಿ ಗಿರಾಕಿಗಳಿಗೆ ತೂಗಿ ಕೊಡುತ್ತಿದ್ದರು. ನಾನು ಚೀಲ ಹಿಡಿದು ಸರದಿಯಲ್ಲಿದ್ದೆ. ತಂಗಿ ತಕ್ಕಡಿಯ ಪಕ್ಕ ನೀರು ತುಂಬಿದ ಎರಡು ಗಾಜಿನ ಜಾಡಿಗಳನ್ನಿಟ್ಟು, ಒಂದೊಂದರಲ್ಲೂ ಒಂದು ಮಣ್ಣಿನ ಹೆಂಟೆ ಇಳಿಬಿಟ್ಟಳು.

“ಇದು ನೀನು ಉತ್ತ ಹೊಲದ್ದು, ಅಣ್ಣ. ಇದು ಆರು ವರ್ಷದಿಂದ ನಾನು ಉಳದೆ ಬಿತ್ತುತ್ತಿರುವ ಹೊಲದ್ದು.”

“ಗಿರಾಕಿಗಳ ಮುಂದೆ ಏನೇ ಆಟ? ನಾಳೆ ಟ್ರ್ಯಾಕ್ಟರ್ ಬರುತ್ತೆ, ನಿನ್ನ ಹೊಲಕ್ಕೂ ನೇಗಿಲು ಹಾಕಿಸ್ತೀನಿ. ಸೋಮಾರಿ ಬೇಸಾಯ ಸಾಕು.”

“ಹಾಕಿಸುವೆಯಂತೆ. ಮೊದಲು ನೋಡು.”

ಅಣ್ಣನ ಹೆಂಟೆ ಕುಸಿದು ನೀರೆಲ್ಲ ಕೆಸರಾಯಿತು. ತಂಗಿಯದು ಇಟ್ಟ ಹಾಗೇ ಕೂತಿತ್ತು. ಅದರೊಳಗಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

“ಇದೇನೇ, ಉಸಿರಾಡ್ತಿದೆ!”

“ಬೇರು ಹೋದ ದಾರಿ, ಎರೆಹುಳ ಹೋದ ದಾರಿ. ಅಲ್ಲಿದ್ದ ಗಾಳಿ ಅದು. ನೇಗಿಲು ಹಾಕಿದರೆ ಆ ದಾರಿಯೆಲ್ಲ ಮುರಿಯುತ್ತೆ.”

“ಒಂದೇ ಬದುವಿನ ಆಚೆ ಈಚೆ ಅಲ್ವೇನೇ ಇವೆರಡೂ?”

“ಹೂಂ.”

ನನ್ನ ಹಿಂದಿದ್ದ ಅಜ್ಜಿ ಕೇಳಿದಳು: “ಏನಪ್ಪಾ, ಹಿಟ್ಟು ತೂಗ್ತೀಯೋ, ಮಣ್ಣೇ ಕಟ್ಟಿಕೊಡ್ತೀಯೋ?”

ಅವನಿಗೆ ಕೇಳಿಸಲೇ ಇಲ್ಲ. ಮಂಡಿಯೂರಿ ಜಾಡಿಗೆ ಮುಖ ತಾಗಿಸಿ ಕೂತಿದ್ದ. ಆಮೇಲೆ ಎದ್ದ.

“ಟ್ರ್ಯಾಕ್ಟರ್‌ನವನಿಗೆ ಬರಬೇಡ ಅಂತ ಹೇಳಿ ಬರ್ತೀನಿ.”

“ಸೋಮಾರಿ ಅಂದ್ಯಲ್ಲ, ಅದು?”

“ಅದು ಬಾಕಿ ಇರಲಿ ಬಿಡೇ.”

ತಂಗಿಯ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದಂತೆ ಹೊರಗೆ ನಡೆದ. ಅವಳು ನನ್ನ ಚೀಲಕ್ಕೆ ಕೈ ಚಾಚಿದಳು.